ಒಂದು, ಮೂರು, ನಾಲ್ಕು, ಎರಡು

ಗದಗ-ಬೆಟಗೇರಿಯ ನನ್ನ ಮನೆಯಂಗಳದಲ್ಲಿ ಹಳೆಯ ಪೆಟ್ರೋಲ್ ಅಂಬಾಸಿಡರ್ ಎರಡು ದಿನ ಕದಲದೆ ನಿಂತಿತ್ತು. ತಪ್ಪು ನನ್ನದೇ. ಪ್ಲಗ್ಗುಗಳನ್ನು ಶುಚಿಗೊಳಿಸುವ ಉಮೇದಿನಲ್ಲಿ ನಾಲ್ಕೂ ವೈರುಗಳನ್ನು ಗುರುತು ಹಾಕದೆ ಕಿತ್ತಿದ್ದೆ. ಸಾಲದೆಂಬಂತೆ ಡಿಸ್ಟ್ರಿಬ್ಯೂಟರನ್ನೂ ಸಡಿಲಿಸಿದ್ದೆ. ಮರುನೋಂದಣಿಗೆ ಗಾಡಿ ಹಾಜರುಪಡಿಸಲು ಮೂರೇ ದಿನ ಉಳಿದಿದ್ದವು. ‘ಗುಜರಿಗೆ ಹಾಕಿಬಿಡ್ರಿ ಅಪ್ಪಾ’ ಎಂದ ಮಗ, ದೂರವಾಣಿಯಲ್ಲಿ.

1997ರಲ್ಲಿ ಗದಗ ಪ್ರತ್ಯೇಕ ಜಿಲ್ಲೆಯಾದ ಹೊಸತರಲ್ಲಿ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳನ್ನು ಸರ್ಕಾರಿ ಅಂಬಾಸಿಡರಿನಲ್ಲಿ ಸುತ್ತಿದವನು ನಾನು. ಆದರೆ ಹಿಂದಿನ ಆಸನದಿಂದ ಎಂಜಿನ್ ಕಾಣುವುದಿಲ್ಲ.

ಬೆಟಗೇರಿಯ ವೃದ್ಧ ಮಿಸ್ತ್ರಿಯೊಬ್ಬರು ಬಂದರು. ರೇಡಿಯೇಟರ್ ಪಕ್ಕದ ಒಂದನೆಯ ಸಿಲಿಂಡರಿನ ಪ್ಲಗ್ ಬಿಚ್ಚಿ, ಆ ರಂಧ್ರಕ್ಕೆ ನನ್ನ ಬೆರಳು ಒತ್ತಿಸಿ, ಮುಂದಿನಿಂದ ಹ್ಯಾಂಡಲ್ ತಿರುಗಿಸಿದರು. ಪುಲ್ಲಿಯ ಗುರುತು ಸೂಚಿಯ ಎದುರು ಬಂತು. ‘ಇದೇ’ ಎಂದೆ.

‘ಅಲ್ರೀ ಸಾಹೇಬ್ರ, ಗುರುತು ಎರಡು ಸಲ ಬರತೈತಿ. ಗಾಳಿ ಬೆರಳನ್ನ ದಬ್ಬಿದಾಗ ಬಂದದ್ದು ಖರೇದು.’

ಎಂಜಿನ್ನಿನ ನಾಲ್ಕು ಹಂತಗಳು ಮುಗಿಯಲು ಕ್ರ್ಯಾಂಕ್ ಎರಡು ಸುತ್ತು ತಿರುಗಬೇಕು. ಇಂಧನ-ಗಾಳಿಯನ್ನು ಅದುಮುವಾಗ ಒಮ್ಮೆ, ಹೊಗೆ ಹೊರದಬ್ಬುವಾಗ ಇನ್ನೊಮ್ಮೆ ಗುರುತು ಕೂಡುತ್ತದೆ. ಎರಡನೆಯದನ್ನು ನಂಬಿ ನಾನು ವೈರು ಜೋಡಿಸಿದ್ದರಿಂದಲೇ ಕಾರ್ಬುರೇಟರ್ ಪಟಾಕಿಯಂತೆ ಸಿಡಿದಿತ್ತು. ಸರಿಯಾದ ಗುರುತಿನಲ್ಲಿ ರೋಟರ್ ಮುಖ ಮಾಡಿದ ತುದಿಗೆ ಒಂದನೆಯ ವೈರು. ಅಲ್ಲಿಂದ ಅಪ್ರದಕ್ಷಿಣವಾಗಿ ಮೂರು, ನಾಲ್ಕು, ಎರಡು.

ಪೆಟ್ರೋಲ್ ಉರಿಯಲು ಕ್ಷಣಕಾಲ ಬೇಕಾದ್ದರಿಂದ ಪಿಸ್ಟನ್ ತುತ್ತತುದಿ ಮುಟ್ಟುವ ತುಸು ಮೊದಲೇ ಕಿಡಿ ಹಾರಬೇಕು. ಪುಲ್ಲಿಯನ್ನು ಅಷ್ಟು ಹಿಂದೆ ನಿಲ್ಲಿಸಿ, ಡಿಸ್ಟ್ರಿಬ್ಯೂಟರಿನ ಸಣ್ಣ ತಂತಿಗೂ ಎಂಜಿನ್ನಿನ ಮೈಗೂ ನಡುವೆ ಹನ್ನೆರಡು ವೋಲ್ಟಿನ ಬಲ್ಬು ಕಟ್ಟಿ, ಇಗ್ನಿಷನ್ ಕೀಲಿ ತಿರುಗಿಸಿದರು. ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋದಂತೆ ಪಾಯಿಂಟು ತೆರೆದು ಬಲ್ಬು ಹೊತ್ತಿತು. ಅಲ್ಲೇ ಬೋಲ್ಟು ಬಿಗಿ.

ಖಾಸಗಿ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರಲ್ಲಿ, ಇಪ್ಪತ್ತು ವರ್ಷ ದಾಟಿದವುಗಳಿಗೆ 10,000 ಆಯಿತು. ಹಳೆಯ ಎಂಜಿನ್ ಹೊಸದರಷ್ಟು ಶುದ್ಧವಲ್ಲವೆಂದು ಒಪ್ಪುತ್ತೇನೆ. ಆದರೆ ಅರ್ಥಶಾಸ್ತ್ರ ಓದಿದವನಿಗೆ ಒಂದು ತಕರಾರು ಉಳಿಯುತ್ತದೆ: ದಂಡ ಹೊಗೆಗೋ ವಯಸ್ಸಿಗೋ? ವರ್ಷಕ್ಕೆ ನಾಲ್ಕು ಬಾರಿ ಹೊರಡುವ, ಟೈಮಿಂಗ್ ಹದವಾಗಿರುವ ಗಾಡಿಗೂ, ದಿನವಿಡೀ ಹೊಗೆ ಕಾರುವ ಗಾಡಿಗೂ ಒಂದೇ ದರ.

ಎಂಜಿನ್ ಮೊದಲ ತಿರುವಿಗೇ ಹೊತ್ತಿತು. ಈ ಕೆಲಸವನ್ನು ಅಂಗಡಿಯ ಹುಡುಗರಿಗೆ ಕಲಿಸಿದ್ದೀರಾ ಎಂದು ಕೇಳಿದೆ. ಮಿಸ್ತ್ರಿ ಬಲ್ಬಿಗೆ ತಂತಿ ಸುತ್ತುತ್ತಾ, ‘ಕಲಿಯಾಕ ಗಾಡಿ ಎಲ್ಲಿ ಅದಾವ್ರೀ?’ ಎಂದರು.