ಒಂದೇ ಬೆರಳು, ಎರಡು ಓಟು



ಗಂಗೊಳ್ಳಿ ಬದಿಯ ಒಂದು ಸಂಘದ ತಿಂಗಳ ಸಭೆಗೆ ಹೋಗಿದ್ದೆ. ರೈಲಿನ ವಿಷಯದಲ್ಲಿ ಸಂಘದವರು ಸಂಸದರಿಗೊಂದು ಅರ್ಜಿ ಬರೆದಿದ್ದರು. ಮನೆಮನೆಗೆ ಹೋಗಿ ಸಹಿ ಹಾಕಿಸಿದ್ದರು. ಎರಡು ತಿಂಗಳು ಕಾದ ಮೇಲೆ ಬಂದ ಉತ್ತರ ಇಷ್ಟೇ: ನಿಮ್ಮ ಊರು ಈ ಕ್ಷೇತ್ರಕ್ಕೆ ಸೇರಿಲ್ಲ. ಅರ್ಜಿಯನ್ನು ತಿದ್ದಿಕೊಟ್ಟವಳು ನಾನೇ. ವಿಳಾಸ ತಪ್ಪು ಎಂದು ನನಗೂ ಹೊಳೆದಿರಲಿಲ್ಲ.

"ಹ್ವಾಯ್ ಸಿಸ್ಟರ್, ನಾವ್ ಉಡುಪಿ ಜಿಲ್ಲೆಯರ್ ಅಲ್ದಾ? ನಮ್ಮ ಎಂಪಿ ಶಿವಮೊಗ್ಗದರ್ ಹ್ಯಾಂಗ್ ಆತ್ರ್?" ಎಂದು ಹಿರಿಯ ಸದಸ್ಯೆಯೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಓಟು ಹಾಕಿ ಬಂದವರಿಗೇ ಅದು ಯಾವ ಓಟು, ಯಾರಿಗೆ ಹೋಯಿತು ಎಂಬುದು ಗೊತ್ತಿಲ್ಲದಿದ್ದರೆ, ಗೆದ್ದವರನ್ನು ಕೇಳುವುದು ಹೇಗೆ? ಅದಕ್ಕಾಗಿ ಈ ಲೇಖನ.

ನಮ್ಮ ಊರು ಯಾವ ಕ್ಷೇತ್ರಕ್ಕೆ?

ಮೊದಲು ಒಂದು ಮಾತು ತಿಳಿದುಕೊಳ್ಳೋಣ. ಜಿಲ್ಲೆ, ತಾಲೂಕುಗಳ ಗಡಿ ಬೇರೆ, ಚುನಾವಣಾ ಕ್ಷೇತ್ರದ ಗಡಿ ಬೇರೆ. 2008ಕ್ಕೆ ಮುಂಚೆ ಬೈಂದೂರು, ಕುಂದಾಪುರ, ಬ್ರಹ್ಮಾವರ ಮೂರೂ ವಿಧಾನಸಭಾ ಕ್ಷೇತ್ರಗಳಾಗಿದ್ದವು. ಮೂರೂ ಉಡುಪಿ ಲೋಕಸಭಾ ಕ್ಷೇತ್ರದಲ್ಲಿದ್ದವು. ಆಗ ಲೆಕ್ಕ ಸುಲಭ ಇತ್ತು.

2008ರಲ್ಲಿ ಕ್ಷೇತ್ರಗಳ ಪುನರ್ವಿಂಗಡಣೆ ಆಯಿತು. ಉಡುಪಿ ಲೋಕಸಭಾ ಕ್ಷೇತ್ರ ಹೋಗಿ ಉಡುಪಿ-ಚಿಕ್ಕಮಗಳೂರು ಬಂತು. ಕುಂದಾಪುರ ಅದರಲ್ಲಿ ಉಳಿಯಿತು. ಬೈಂದೂರು ಮಾತ್ರ ಘಟ್ಟ ಹತ್ತಿ ಶಿವಮೊಗ್ಗ ಲೋಕಸಭಾ ಕ್ಷೇತ್ರಕ್ಕೆ ಸೇರಿತು. ಬ್ರಹ್ಮಾವರ ವಿಧಾನಸಭಾ ಕ್ಷೇತ್ರ ಇಲ್ಲದಾಯಿತು. ಕೋಟ, ಸಾಲಿಗ್ರಾಮ ಬದಿಯ ಊರುಗಳು ಕುಂದಾಪುರ ಕ್ಷೇತ್ರಕ್ಕೂ, ಬ್ರಹ್ಮಾವರ ಪೇಟೆ ಮತ್ತು ಸುತ್ತಿನ ಊರುಗಳು ಉಡುಪಿ ಕ್ಷೇತ್ರಕ್ಕೂ ಹೋದವು. ವಿಚಿತ್ರ ನೋಡಿ: ಮುಂದೆ ಹತ್ತು ವರ್ಷದ ಹೊತ್ತಿಗೆ ಬ್ರಹ್ಮಾವರ ತಾಲೂಕು ಆಯಿತು, ಆದರೆ ಆ ಹೆಸರಿನ ಶಾಸಕರು ಈಗ ಇಲ್ಲ.

ಗಂಗೊಳ್ಳಿಯವರ ಸ್ಥಿತಿ ಇನ್ನೂ ಗಲಿಬಿಲಿ. ಕುಂದಾಪುರ ಪೇಟೆ ಹೊಳೆಯ ಆಚೆ ಕಣ್ಣಿಗೆ ಕಾಣುತ್ತದೆ. ತಾಲೂಕು ಕುಂದಾಪುರ. ಶಾಸಕರು ಬೈಂದೂರಿನವರು, ಸಂಸದರು ಶಿವಮೊಗ್ಗದವರು! 2024ರ ಲೋಕಸಭಾ ಚುನಾವಣೆಯಲ್ಲಿ ಕುಂದಾಪುರ ಕ್ಷೇತ್ರದವರು ಏಪ್ರಿಲ್ 26ರಂದು ಮತ ಹಾಕಿದರೆ, ಬೈಂದೂರು ಕ್ಷೇತ್ರದವರ ಸರದಿ ಬಂದದ್ದು ಮೇ 7ಕ್ಕೆ. ಒಂದೇ ಜಿಲ್ಲೆ, ಎರಡು ದಿನ. ಉಡುಪಿ-ಚಿಕ್ಕಮಗಳೂರಿನಿಂದ ಕೋಟ ಶ್ರೀನಿವಾಸ ಪೂಜಾರಿ, ಶಿವಮೊಗ್ಗದಿಂದ ಬಿ.ವೈ. ರಾಘವೇಂದ್ರ ಆರಿಸಿ ಬಂದರು.

ಎರಡೂ ಓಟು ಒಟ್ಟಿಗೆ ಬಂದಾಗ

ವಿಧಾನಸಭೆಗೂ ಲೋಕಸಭೆಗೂ ಒಂದೇ ದಿನ ಓಟು ಹಾಕಿದ ನೆನಪು ನಿಮ್ಮಲ್ಲಿ ಹಲವರಿಗೆ ಇರಬಹುದು. ಮೊದಲ ಚುನಾವಣೆ, ಅಂದರೆ 1952ರಲ್ಲಿ, ನಮ್ಮ ಅಜ್ಜ ಅಜ್ಜಿಯರು ಓಟು ಹಾಕಿದ್ದು ಮದ್ರಾಸು ವಿಧಾನಸಭೆಗೆ. ಆಗ ನಾವು ಮದ್ರಾಸು ರಾಜ್ಯದಲ್ಲಿದ್ದೆವು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದೆವು. 1957, 1962, 1967ರಲ್ಲೂ ಎರಡು ಚುನಾವಣೆ ಜೊತೆಗೇ ನಡೆದವು. ನಂತರ ದಾರಿ ಬೇರೆಯಾಯಿತು. ಮತ್ತೆ ಒಟ್ಟಿಗೆ ಬಂದದ್ದು 1989, 1999 ಮತ್ತು 2004ರಲ್ಲಿ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದ ಮೇಲಿನ ಮೊದಲ ಮಹಾಚುನಾವಣೆಯೂ 1989ರದ್ದೇ. 2004ರ ನಂತರ ನಮ್ಮಲ್ಲಿ ಎರಡೂ ಜೊತೆಯಾಗಿ ಬಂದಿಲ್ಲ.

2004ರ ಫಲಿತಾಂಶವನ್ನು ಒಮ್ಮೆ ನೋಡಿ. ಉಡುಪಿ ಲೋಕಸಭೆಗೆ ಬಿಜೆಪಿಯ ಮನೋರಮಾ ಮಧ್ವರಾಜ್ ಗೆದ್ದರು. ಅದೇ ಚುನಾವಣೆಯಲ್ಲಿ ವಿಧಾನಸಭೆಗೆ ಬೈಂದೂರಿನಿಂದ ಕಾಂಗ್ರೆಸ್ಸಿನ ಕೆ. ಗೋಪಾಲ ಪೂಜಾರಿ, ಕುಂದಾಪುರದಿಂದ ಬಿಜೆಪಿಯ ಹಾಲಾಡಿ ಶ್ರೀನಿವಾಸ ಶೆಟ್ಟಿ, ಬ್ರಹ್ಮಾವರದಿಂದ ಪಕ್ಷೇತರ ಕೆ. ಜಯಪ್ರಕಾಶ್ ಹೆಗ್ಡೆ ಗೆದ್ದರು. ನೆರೆಹೊರೆಯ ಮೂರು ಕ್ಷೇತ್ರ, ಮೂರು ಬಗೆಯ ತೀರ್ಮಾನ. ಒಂದು ಓಟು ಹಾಕಿದ ಕಡೆಗೇ ಇನ್ನೊಂದನ್ನೂ ಹಾಕಬೇಕು ಅಂತ ಯಾವ ಕಾನೂನೂ ಇಲ್ಲ. ಎರಡೂ ಒಂದೇ ಕಡೆ ಹಾಕಿದರೂ ತಪ್ಪಿಲ್ಲ. ಯೋಚಿಸಿ ಹಾಕಬೇಕು, ಅಷ್ಟೇ.

ಒಟ್ಟಿಗೆ ಚುನಾವಣೆ ನಡೆದರೆ ಮತದಾರರ ಪಟ್ಟಿ ಒಂದೇ, ಮತಯಂತ್ರ ಎರಡು. ಲೋಕಸಭೆಯ ಮತಪತ್ರದ ಕಾಗದ ಬಿಳಿ, ವಿಧಾನಸಭೆಯದ್ದು ಗುಲಾಬಿ ಬಣ್ಣ. ಒಂದರಲ್ಲಿ ಗುಂಡಿ ಒತ್ತಿ ಬಂದುಬಿಟ್ಟರೆ ಇನ್ನೊಂದು ಓಟು ಹೋಯಿತು. ಇಡೀ ದೇಶದಲ್ಲಿ ಚುನಾವಣೆಗಳನ್ನು ಒಟ್ಟಿಗೆ ನಡೆಸುವ ಮಸೂದೆ 2024ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡನೆಯಾಗಿ ಜಂಟಿ ಸಮಿತಿಗೆ ಹೋಗಿದೆ. ಆದ್ದರಿಂದ ಇದು ಬರೀ ಹಳೇ ಕಥೆ ಅಲ್ಲ.

ಯಾರನ್ನು ಏನು ಕೇಳಬೇಕು?

ಲೋಕಸಭೆಯಲ್ಲಿ 543 ಸ್ಥಾನಗಳಿವೆ. ಕರ್ನಾಟಕದ ಪಾಲು 28. ನಮ್ಮ ವಿಧಾನಸಭೆಯಲ್ಲಿ 224. ಕೆಲಸದ ಹಂಚಿಕೆ ಸಂವಿಧಾನದಲ್ಲೇ ಇದೆ:

* ರೈಲು, ರಾಷ್ಟ್ರೀಯ ಹೆದ್ದಾರಿ 66, ಅಂಚೆ, ಬ್ಯಾಂಕು, ಪಾಸ್‌ಪೋರ್ಟು – ಇವು ಕೇಂದ್ರದ ವಿಷಯ. ಸಂಸದರನ್ನು ಕೇಳಿ.
* ಪ್ರಾಥಮಿಕ ಆರೋಗ್ಯ ಕೇಂದ್ರ, ಸರಕಾರಿ ಶಾಲೆಯ ಶಿಕ್ಷಕರು, ಪೊಲೀಸ್ ಠಾಣೆ, ಜಾಗದ ಪಹಣಿ – ಇವು ರಾಜ್ಯದ ವಿಷಯ. ಶಾಸಕರನ್ನು ಕೇಳಿ.
* ಮೀನುಗಾರಿಕೆ: ದಡದಿಂದ 12 ನಾಟಿಕಲ್ ಮೈಲಿನ ಒಳಗೆ ರಾಜ್ಯದ್ದು, ಅದರಾಚೆ ಕೇಂದ್ರದ್ದು. ಹಾಗಾಗಿ ದೋಣಿಯವರಿಗೆ ಇಬ್ಬರೂ ಬೇಕು.
* ಪಡಿತರ: 2013ರ ಆಹಾರ ಭದ್ರತಾ ಕಾಯ್ದೆ ಕೇಂದ್ರದ್ದು. ಕಾರ್ಡು ಕೊಡುವುದು, ಅಂಗಡಿ ನಡೆಸುವುದು ರಾಜ್ಯದ ಕೆಲಸ.
* ದಾರಿದೀಪ, ಊರಿನ ನೀರು, ಚರಂಡಿ – ಮೊದಲು ನಿಮ್ಮ ಗ್ರಾಮ ಪಂಚಾಯತ್.

ಸಂಸದರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ. ಬೈಂದೂರಿನವರು ಅದರಲ್ಲಿ ಪಾಲು ಕೇಳಬೇಕಾದ್ದು ಶಿವಮೊಗ್ಗದ ಸಂಸದರಲ್ಲಿ. ನಮ್ಮ ಸಂಘದ ಅರ್ಜಿ ದಾರಿ ತಪ್ಪಿದ್ದು ಇಲ್ಲೇ.

ಹೆಸರು ಇದ್ದರೆ ಮಾತ್ರ ಓಟು

ಮೊದಲ ಚುನಾವಣೆಯ ಪಟ್ಟಿ ಮಾಡುವಾಗ ದೇಶದಲ್ಲಿ ಅನೇಕ ಹೆಂಗಸರು ಸ್ವಂತ ಹೆಸರು ಹೇಳಲೇ ಇಲ್ಲ. "ಇಂಥವರ ಹೆಂಡತಿ", "ಇಂಥವರ ತಾಯಿ" ಅಂತ ಬರೆಸಿದರು. ಅಂಥ ಸುಮಾರು 28 ಲಕ್ಷ ಮಹಿಳೆಯರನ್ನು ಪಟ್ಟಿಯಿಂದ ಬಿಡಬೇಕಾಯಿತು. ಹೆಚ್ಚಿನವರು ಉತ್ತರ ಭಾರತದವರು. ಈಗ ಹೆಸರು ಹೇಳಲು ನಮಗೆ ನಾಚಿಕೆ ಇಲ್ಲ. ಆದರೂ ಹೆಸರು ಕಳೆದುಹೋಗುತ್ತದೆ.

ನನಗೆ ಗೊತ್ತಿರುವ ಒಬ್ಬ ತಾಯಿ ಮತದಾನದ ದಿನ ಕಾರ್ಡು ಹಿಡಿದು, ಬಿಸಿಲಿನಲ್ಲಿ ಸಾಲು ನಿಂತು, ಕೊನೆಗೆ ಪಟ್ಟಿಯಲ್ಲಿ ಹೆಸರಿಲ್ಲ ಎಂದು ವಾಪಸು ಬಂದರು. "ಕಾರ್ಡ್ ಇತ್ತಲ್ದಾ ಸಿಸ್ಟರ್?" ಎಂದು ಕೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಕಾರ್ಡು ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರು ಇರಬೇಕು. ಅದನ್ನು ಮತದಾನದ ದಿನ ನೋಡುವುದಲ್ಲ, ತಿಂಗಳುಗಳ ಮೊದಲೇ ನೋಡಬೇಕು.

* ಹೊಸದಾಗಿ ಹೆಸರು ಸೇರಿಸಲು ನಮೂನೆ 6. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1 – ಈ ನಾಲ್ಕರಲ್ಲಿ ಯಾವುದೇ ದಿನಕ್ಕೆ 18 ತುಂಬಿದರೂ ಅರ್ಹತೆ ಇದೆ.
* ಮದುವೆಯಾಗಿ ಬೇರೆ ಊರಿಗೆ ಹೋದರೆ, ಮನೆ ಬದಲಾದರೆ, ಹೆಸರು ತಪ್ಪಾಗಿದ್ದರೆ ನಮೂನೆ 8. ಬೈಂದೂರಿನ ಹುಡುಗಿ ಕೋಟಕ್ಕೆ ಸೊಸೆಯಾಗಿ ಬಂದರೆ ಶಾಸಕರೂ ಬದಲು, ಸಂಸದರೂ ಬದಲು.
* ಬೆಂಗಳೂರು, ಮುಂಬಯಿಯ ಹೋಟೆಲುಗಳಲ್ಲಿ ದುಡಿಯುವ ಮಕ್ಕಳ ಹೆಸರು ಒಂದೇ ಕಡೆ ಇರಬೇಕು. ಎರಡು ಕಡೆ ಇರುವುದು ಕಾನೂನಿಗೆ ವಿರುದ್ಧ.
* ನಿಮ್ಮ ಓಟನ್ನು ಬೇರೆ ಯಾರೋ ಹಾಕಿಬಿಟ್ಟಿದ್ದರೆ ಸುಮ್ಮನೆ ಬರಬೇಡಿ. ನೀವೇ ಆ ಮತದಾರರು ಎಂದು ಖಚಿತಪಡಿಸಿದರೆ 'ಟೆಂಡರ್ ಮತ' ಕೇಳುವ ಹಕ್ಕಿದೆ.
* ಸಹಾಯಕ್ಕೆ 1950ಕ್ಕೆ ಫೋನ್ ಮಾಡಿ ಅಥವಾ ನಿಮ್ಮ ಮತಗಟ್ಟೆ ಅಧಿಕಾರಿಯನ್ನು (ಬಿಎಲ್‌ಒ) ಕಾಣಿ.

ಇನ್ನೊಂದು ಮಾತು. ಓಟಿಗೆ ಹಣ, ಸೀರೆ, ಬಾಟಲಿ ಕೊಡುವುದು ಅಪರಾಧ. ತೆಗೆದುಕೊಳ್ಳುವುದೂ ಅಪರಾಧವೇ, ಒಂದು ವರ್ಷದವರೆಗೆ ಜೈಲು ಆಗಬಹುದು. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ: ಓಟಿಗೆ ಬೆಲೆ ತೆಗೆದುಕೊಂಡವರು ಮುಂದಿನ ಐದು ವರ್ಷ ಯಾವ ಬಾಯಿಂದ ಕೆಲಸ ಕೇಳುವುದು?

ಮುಂದಿನ ಸಭೆಗೆ ಒಂದು ಕೆಲಸ

ಅವಧಿ ಪೂರ್ತಿಯಾದರೆ ನಮ್ಮ ಮುಂದಿನ ವಿಧಾನಸಭಾ ಚುನಾವಣೆ 2028ರಲ್ಲಿ, ಲೋಕಸಭೆಯದ್ದು 2029ರಲ್ಲಿ. ಅಲ್ಲಿಯವರೆಗೆ ಕಾಯಬೇಡಿ. ಮುಂದಿನ ಸಭೆಯಲ್ಲಿ ನಡಾವಳಿ ಪುಸ್ತಕದ ಮೊದಲ ಪುಟದಲ್ಲಿ ಮೂರು ಹೆಸರು, ಮೂರು ವಿಳಾಸ ಬರೆದಿಡಿ: ನಿಮ್ಮ ವಾರ್ಡಿನ ಪಂಚಾಯತ್ ಸದಸ್ಯರು, ನಿಮ್ಮ ಶಾಸಕರು, ನಿಮ್ಮ ಸಂಸದರು. ಅದರ ಕೆಳಗೆ ಪ್ರತಿ ಸದಸ್ಯೆಯ ಹೆಸರು ಮತದಾರರ ಪಟ್ಟಿಯಲ್ಲಿ ಇದೆಯೋ ಇಲ್ಲವೋ ಗುರುತು ಹಾಕಿ.

ಗಂಗೊಳ್ಳಿ ಬದಿಯ ಸಂಘದವರು ಹೀಗೆಯೇ ಬರೆದಿಟ್ಟಿದ್ದಾರೆ. ಅರ್ಜಿಯನ್ನು ಸರಿಯಾದ ವಿಳಾಸಕ್ಕೆ ಮತ್ತೆ ಕಳಿಸಿದ್ದಾರೆ. ಉತ್ತರ ಏನು ಬರುತ್ತದೋ ಕಾದು ನೋಡೋಣ. ಬೆರಳಿನ ಶಾಯಿ ಕೆಲವು ವಾರಗಳಲ್ಲಿ ಅಳಿಸಿಹೋಗುತ್ತದೆ. ಕೇಳುವ ಹಕ್ಕು ಐದು ವರ್ಷವೂ ಇರುತ್ತದೆ.