ಔಷಧಿ ಎಂಬ ಒಂದೇ ಮಾತು

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಮಳೆಗಾಲ ಹತ್ತಿರ ಬಂತೆಂದರೆ ದಾರಿಯಲ್ಲಿ ಸಿಕ್ಕವರೆಲ್ಲ ಕೇಳುವ ಮಾತು ಒಂದೇ: “ಔಷಧಿ ಹೊಡ್ಸಿ ಆಯ್ತಾ?” ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ-ಸುಣ್ಣದ ದ್ರಾವಣ ನಮಗೆ ಔಷಧಿ. ಕಳೆ ಸುಡಲು ತಂದ ಬಾಟಲಿ ಔಷಧಿ. ಅಪ್ಪಯ್ಯ ರಾತ್ರಿ ಊಟದ ಮೇಲೆ ನುಂಗುವ ಮಾತ್ರೆ ಔಷಧಿ, ಕಾಮಾಲೆಗೆ ಯಾರೋ ಅರೆದು ಕೊಡುವ ಸೊಪ್ಪಿನ ರಸವೂ ಔಷಧಿ. ನಾಲ್ಕಕ್ಕೂ ಒಂದೇ ಹೆಸರಿಟ್ಟವರು, ನಂಬಿಕೆಯನ್ನು ಮಾತ್ರ ಎರಡು ಪಾಲು ಮಾಡಿಕೊಂಡಿದ್ದೇವೆ: ಬಾಟಲಿಯಿಂದ ಬಂದದ್ದು ವಿಷ, ಬೇರಿನಿಂದ ಬಂದದ್ದು ಅಮೃತ. ನಮ್ಮ ಲಿವರ್‌ಗೆ ಈ ಪಾಲು ಗೊತ್ತಿಲ್ಲ. ನಮ್ಮ ಸೀಮೆಯದೇ ಒಂದು ಹಳೆಯ ಪ್ರಕರಣದಿಂದ ಈ ಮಾತು ಶುರುಮಾಡುತ್ತೇನೆ.

ಸಾಗರದ ಹತ್ತಿರದ ಹಂದಿಗೋಡಿನಲ್ಲಿ 1974-75ರ ಹೊತ್ತಿಗೆ ಒಂದು ವಿಚಿತ್ರ ಕಾಯಿಲೆ ಬೆಳಕಿಗೆ ಬಂತು. ದಲಿತ ಕೂಲಿ ಕುಟುಂಬಗಳಲ್ಲಿ ಮಕ್ಕಳು, ಹರೆಯದವರು ಸೊಂಟ-ಮಂಡಿ ನೋವಿನಿಂದ ನಡೆಯಲಾರದಾದರು. ಕೆಲವರ ಬೆಳವಣಿಗೆ ಕುಂಠಿತವಾಯಿತು, ಕೆಲವರು ನೆಲ ಬಿಟ್ಟು ಏಳದಾದರು. ಅದು ಗದ್ದೆಗಳಿಗೆ ಪ್ಯಾರಾಥಿಯಾನ್, ಎಂಡ್ರಿನ್‌ನಂಥ ಉಗ್ರ ಕೀಟನಾಶಕಗಳು ಬಂದಿದ್ದ ಕಾಲ. ಆ ಬಡವರು ತಿನ್ನುತ್ತಿದ್ದದ್ದು ಅದೇ ಗದ್ದೆಯ ಏಡಿ, ಮೀನು. ಅನುಮಾನ ನೇರವಾಗಿ ವಿಷದ ಮೇಲೆ ಹೋಯಿತು, ಹೋಗಬೇಕಾದದ್ದೇ. ಕೀಟನಾಶಕದ ಅನಾಹುತಕ್ಕೆ ಉದಾಹರಣೆಯಾಗಿ ಹಂದಿಗೋಡಿನ ಹೆಸರು ದೂರದೂರಕ್ಕೂ ಹಬ್ಬಿತು. ಇವತ್ತಿಗೂ ಕೇಳಿದರೆ “ಏಡಿ ತಿಂದು ಬಂದ ರೋಗ ಅದು” ಎನ್ನುವವರಿದ್ದಾರೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೆ.ಎ.ವಿ.ಆರ್. ಕೃಷ್ಣಮಾಚಾರಿ ಮತ್ತು ರಮೇಶ ಭಟ್ ಇದನ್ನು ಪರಿಶೀಲಿಸಿದಾಗ ಕಂಡದ್ದು ಬೇರೆ. ಕಾಯಿಲೆ ಗದ್ದೆಯ ಜಾಡಿನಲ್ಲಿರಲಿಲ್ಲ, ಮನೆತನದ ಜಾಡಿನಲ್ಲಿತ್ತು. ಅವರು ಅದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂದು ಕರೆದರು. ಮುಂದೆ ಎಕ್ಸ್-ರೇಗಳನ್ನೂ ವಂಶಾವಳಿಗಳನ್ನೂ ನೋಡಿದ ಸಂಶೋಧಕರು ಇದು ಮೂಳೆಯ ಬೆಳವಣಿಗೆಯ ಆನುವಂಶಿಕ ದೋಷ, ತಂದೆ-ತಾಯಿಯರಲ್ಲಿ ಒಬ್ಬರಿಗಿದ್ದರೂ ಮಗುವಿಗೆ ಬರಬಹುದು ಎಂದು ತೋರಿಸಿದರು. ಎಂಡ್ರಿನ್ ಒಳ್ಳೆಯದು ಎಂದು ಇದರ ಅರ್ಥವಲ್ಲ. ಅದನ್ನು ಮುಂದೆ ಭಾರತ ನಿಷೇಧಿಸಿತು. ಆದರೆ ಹಂದಿಗೋಡಿನ ಮಂಡಿಗಳನ್ನು ಬಾಗಿಸಿದ್ದು ಅದಲ್ಲ.

ಅದೇ 1974ರ ಚಳಿಗಾಲದ ಹೊತ್ತಿಗೆ ಅದೇ ಸಂಸ್ಥೆಯ ಅದೇ ಇಬ್ಬರು ಒಂದು ಸಾವಿನ ಸಾಲಿನ ಮುಂದೆಯೂ ನಿಂತಿದ್ದರು. ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ್ ಜಿಲ್ಲೆಗಳ ಆದಿವಾಸಿ ಹಳ್ಳಿಗಳಲ್ಲಿ ಸುಮಾರು 400 ಜನಕ್ಕೆ ಕಾಮಾಲೆ ಬಂತು, ಹೊಟ್ಟೆಯಲ್ಲಿ ನೀರು ತುಂಬಿತು, 100ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಮನೆಯ ನಾಯಿಗಳೂ ಹೊಟ್ಟೆ ಉಬ್ಬಿ ಸತ್ತವು. ಅಲ್ಲಿ ಯಾರೂ ಏನನ್ನೂ ಹೊಡೆದಿರಲಿಲ್ಲ. ಅಕಾಲದ ಮಳೆಗೆ ನೆನೆದ ಮೆಕ್ಕೆಜೋಳಕ್ಕೆ ಬೂಸ್ಟು ಹಿಡಿದಿತ್ತು. ಬೇರೆ ಕಾಳಿಲ್ಲದೆ ಅದನ್ನೇ ತಿಂದಿದ್ದರು. ಆ ಬೂಸ್ಟು ಹುಟ್ಟಿಸಿದ ಅಫ್ಲಟಾಕ್ಸಿನ್ ಎಂಬ ವಸ್ತು ಲಿವರ್ ಅನ್ನು ಕೊಂದಿತ್ತು. ಪೂರ್ತಿ ನೈಸರ್ಗಿಕ, ಯಾವ ಕಾರ್ಖಾನೆಯ ಸೋಂಕೂ ಇಲ್ಲದ ವಿಷ.

ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡದೆ ಮುಂದೆ ಹೋಗಲಾರೆ. ಬಾಟಲಿಯ ಮೇಲೆ ಅನುಮಾನ ಬಿದ್ದ ಕಡೆ ಕಾರಣ ರಕ್ತದಲ್ಲಿತ್ತು. ಯಾರಿಗೂ ಅನುಮಾನ ಬಾರದ ಊಟದ ತಟ್ಟೆಯಲ್ಲಿ ವಿಷವಿತ್ತು. ಆರು ತಿಂಗಳು ಮಳೆ ಬೀಳುವ ನಮ್ಮ ಅಟ್ಟಗಳಲ್ಲೂ ಶೇಂಗಾಕ್ಕೆ, ಕೊಬ್ಬರಿಗೆ, ದನದ ಹಿಂಡಿಗೆ ಬೂಸ್ಟು ಬರುತ್ತದೆ. “ಒರೆಸಿ ಬಿಸಿಲಿಗೆ ಹಾಕಿದ್ರೆ ಆಯ್ತು, ಹುರಿದ್ರೆ ಎಲ್ಲಾ ಹೋಗ್ತದೆ” ಎನ್ನುತ್ತೇವೆ. ಹೋಗುವುದಿಲ್ಲ. ಬೂಸ್ಟು ಹೋಗಬಹುದು, ಅಫ್ಲಟಾಕ್ಸಿನ್ ಅಡುಗೆಯ ಬಿಸಿಗೆ ಬಹುಪಾಲು ಜಗ್ಗದು. ದನ ತಿಂದರೆ ಅದರ ಪಾಲು ಹಾಲಿಗೂ ಬರುತ್ತದೆ.

ಲಿವರ್ ಎಂದರೆ ಸೋಸುವ ಬಟ್ಟೆ, ವಿಷವೆಲ್ಲ ಅದರಲ್ಲಿ ಕೂತುಬಿಡುತ್ತದೆ, ಆಗಾಗ ತೊಳೆಯಬೇಕು ಎಂಬುದು ಓದಿದವರಲ್ಲೂ ಇರುವ ತಪ್ಪು ಕಲ್ಪನೆ. ಬಲಪಕ್ಕೆಯ ಎಲುಬುಗಳ ಒಳಗೆ ಸುಮಾರು ಒಂದೂವರೆ ಕಿಲೋ ತೂಗುವ ಈ ಅಂಗವನ್ನು ನಾನು ಅಡುಗೆಮನೆ ಎನ್ನುತ್ತೇನೆ. ಕರುಳಿನಿಂದ ರಕ್ತ ಹೀರಿಕೊಂಡದ್ದೆಲ್ಲ ಮೊದಲು ಇಲ್ಲಿಗೇ ಬರಬೇಕು. ನೀರಿನಲ್ಲಿ ಕರಗದ್ದನ್ನು ಕರಗುವಂತೆ ಮಾಡಿ ಮೂತ್ರಕ್ಕೋ ಪಿತ್ತಕ್ಕೋ ಸೇರಿಸಿ ಕಳಿಸುವುದು ಇದರ ಕೆಲಸ. ಆ ಕೆಲಸ ಎರಡು ಹಂತದ್ದು. ಮೊದಲ ಹಂತದಲ್ಲಿ ವಸ್ತುವಿನ ರೂಪ ಬದಲಾಗುತ್ತದೆ, ಎರಡನೆಯದರಲ್ಲಿ ಅದಕ್ಕೊಂದು ಜೊತೆ ಕಟ್ಟಿ ಸುಮ್ಮನಾಗಿಸಿ ಸಾಗಹಾಕುತ್ತದೆ. ಎಡವಟ್ಟಾಗುವುದು ಈ ಎರಡರ ನಡುವೆ. ಮೊದಲ ಹಂತದಲ್ಲಿ ಹುಟ್ಟುವ ವಸ್ತು ಕೆಲವೊಮ್ಮೆ ಬಂದದ್ದಕ್ಕಿಂತ ಕ್ರೂರ. ಪ್ಯಾರಾಥಿಯಾನ್ ಬಾಟಲಿಯಲ್ಲಿದ್ದ ರೂಪದಲ್ಲಿ ನರಗಳಿಗೆ ಅಷ್ಟು ಉಗ್ರವಲ್ಲ. ಲಿವರ್ ಅದನ್ನು ಪ್ಯಾರಾಕ್ಸಾನ್ ಆಗಿ ಬದಲಿಸಿದ ಮೇಲೆಯೇ ಅದು ನರಗಳ ಮೇಲೆ ಎರಗುವುದು. ಅಫ್ಲಟಾಕ್ಸಿನ್‌ನ ಕಥೆಯೂ ಅದೇ. ವಿಷ ಕಳೆಯುವ ಅಂಗವೇ ವಿಷ ಹುಟ್ಟುವ ಜಾಗವೂ ಆಗುತ್ತದೆ ಎಂಬುದು ಗೊತ್ತಾದರೆ ‘ಲಿವರ್ ಕ್ಲೀನ್’ ಮಾಡುವ ಪುಡಿ-ಪಾನಕಗಳ ಜಾಹೀರಾತಿಗೆ ದುಡ್ಡು ಸುರಿಯುವುದು ನಿಲ್ಲುತ್ತದೆ. ಅಲ್ಲಿ ತೊಳೆಯಲು ಕೂತ ಕೊಳೆ ಏನೂ ಇಲ್ಲ.

ಪ್ಯಾರಸಿಟಮಾಲ್ ತೆಗೆದುಕೊಳ್ಳಿ. “ಜ್ವರದ ಮಾತ್ರೆ ಅಲ್ವಾ, ಎಷ್ಟು ತಿಂದ್ರೂ ಎಂತದೂ ಆಗಲ್ಲ” ಎನ್ನುವವರು ಒಂದು ಕಡೆ, “ಒಂದು ನುಂಗಿದ್ರೂ ಲಿವರ್ ಹೋಗ್ತದೆ” ಎನ್ನುವವರು ಇನ್ನೊಂದು ಕಡೆ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೀರಬಾರದು. ಅಂದರೆ 650ರ ಮಾತ್ರೆ ಆರು. ಅಷ್ಟರೊಳಗೆ ಹುಟ್ಟುವ ಚೂರು ವಿಷವನ್ನು ಲಿವರ್‌ನಲ್ಲಿರುವ ಗ್ಲುಟಾಥಯೋನ್ ಎಂಬ ದಾಸ್ತಾನು ಹಿಡಿದು ಕಳಿಸುತ್ತದೆ. ದಾಸ್ತಾನು ಖಾಲಿಯಾದ ಮೇಲೆ ಬಂದದ್ದು ಜೀವಕೋಶವನ್ನೇ ಸುಡುತ್ತದೆ. ದಿನಾ ಕುಡಿಯುವವರಲ್ಲಿ, ಹೊಟ್ಟೆಗಿಲ್ಲದೆ ಬಳಲಿದವರಲ್ಲಿ ಆ ದಾಸ್ತಾನು ಮೊದಲೇ ಕಡಿಮೆ, ಅವರ ಮಿತಿಯೂ ಕಡಿಮೆ. ನೆಗಡಿಯ ಮಾತ್ರೆ, ಮೈಕೈ ನೋವಿನ ಮಾತ್ರೆಗಳು ಹಲವುದರ ಒಳಗೂ ಇದೇ ಪ್ಯಾರಸಿಟಮಾಲ್ ಇರುತ್ತದೆ. ಮೂರು ಹೆಸರಿನಲ್ಲಿ ಒಂದನ್ನೇ ನುಂಗುತ್ತಿರುತ್ತೇವೆ.

ಇನ್ನು ಸೊಪ್ಪಿನ ಮಾತು. ಇದನ್ನು ಬರೆಯುವಾಗ ನನ್ನ ಕೈ ಸ್ವಲ್ಪ ತಡೆಯುತ್ತದೆ, ಯಾಕೆಂದರೆ ನೆಲನೆಲ್ಲಿಯನ್ನು ಹಾಲಲ್ಲಿ ಅರೆದು ಕುಡಿಸಿದ ಕೈಗಳ ಅಕ್ಕರೆ ನನಗೂ ಸಿಕ್ಕಿದೆ. ಮಳೆಗಾಲದಲ್ಲಿ ಕೆಟ್ಟ ನೀರಿನಿಂದ ಬರುವ ಕಾಮಾಲೆ ಹೆಚ್ಚಾಗಿ ಹೆಪಟೈಟಿಸ್ ಎ ಅಥವಾ ಇ ವೈರಸ್ಸಿನದು. ಬಹುಪಾಲು ಜನಕ್ಕೆ ಅದು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಇಳಿಯುವ ಹೊತ್ತಿಗೆ ಕೊಟ್ಟ ಮದ್ದಿಗೆ ಹೆಸರು ಬರುತ್ತದೆ. ನೆಲನೆಲ್ಲಿಯನ್ನು ವಿಜ್ಞಾನ ತಿರಸ್ಕರಿಸಿತು ಎನ್ನುವುದೂ ಸರಿಯಲ್ಲ. 1988ರಲ್ಲಿ ಮದ್ರಾಸಿನ ಸಂಶೋಧಕರು ಹೆಪಟೈಟಿಸ್ ಬಿ ಇದ್ದವರಿಗೆ ಇದನ್ನು ಕೊಟ್ಟು ಅರ್ಧಕ್ಕಿಂತ ಹೆಚ್ಚು ಜನರ ರಕ್ತದಲ್ಲಿ ವೈರಸ್ಸಿನ ಗುರುತು ಮಾಯವಾಯಿತೆಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಬೇರೆಯವರು ಬೇರೆ ಕಡೆ ಅದೇ ಪ್ರಯೋಗ ಮಾಡಿದಾಗ ಆ ಫಲ ಮತ್ತೆ ಸಿಗಲಿಲ್ಲ.

ಅಪಾಯ ನೆಲನೆಲ್ಲಿಗಿಂತ ಹೆಚ್ಚಾಗಿ ಕಳೆದುಹೋಗುವ ದಿನಗಳಲ್ಲಿದೆ. ಕಣ್ಣು ಹಳದಿಯಾಗುವುದು ಒಂದು ಗುರುತು, ಅದೇ ಒಂದು ರೋಗವಲ್ಲ. ಪಿತ್ತನಾಳದಲ್ಲಿ ಕಲ್ಲು ಕೂತರೂ ಕಣ್ಣು ಹಳದಿ, ಗಡ್ಡೆ ಬೆಳೆದರೂ ಹಳದಿ, ನುಂಗುತ್ತಿರುವ ಮಾತ್ರೆ ಆಗದಿದ್ದರೂ ಹಳದಿ. ಕಾಮಾಲೆಗೆಂದು ರಟ್ಟೆಗೆ ಬರೆ ಹಾಕಿಸಿಕೊಂಡು ಪಥ್ಯದಲ್ಲಿ ಕೂತವರ ಪಿತ್ತನಾಳದ ಕಲ್ಲು ಪಥ್ಯಕ್ಕೆ ಕರಗುವುದಿಲ್ಲ. ಗರ್ಭಿಣಿಗೆ ಹೆಪಟೈಟಿಸ್ ಇ ಬಂದರೆ ಜೀವಕ್ಕೇ ಕುತ್ತು. ಅವಳನ್ನು ಒಂದು ದಿನವೂ ಮನೆಮದ್ದಿನಲ್ಲಿ ಇಟ್ಟುಕೊಳ್ಳಬಾರದು.

ಕೋವಿಡ್ ಕಾಲದಲ್ಲಿ ಮನೆಮನೆಯ ಬೇಲಿಯ ಅಮೃತಬಳ್ಳಿ ಒಲೆಗೇರಿತು. 2021ರಲ್ಲಿ ಮುಂಬೈಯ ವೈದ್ಯರು ಅಮೃತಬಳ್ಳಿ ಸೇವಿಸಿದ ಆರು ಮಂದಿಯಲ್ಲಿ ಲಿವರ್‌ನ ಉರಿಯೂತ ಕಂಡರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಹೋಲುವ ಬೇರೆ ಬಳ್ಳಿ ಇರಬಹುದೆಂದಿತು. ಮರುವರ್ಷ ಹಲವು ನಗರಗಳ 13 ಆಸ್ಪತ್ರೆಗಳು ಸೇರಿ 43 ಮಂದಿಯ ವಿವರ ಪ್ರಕಟಿಸಿದವು. ಕೆಲವರಲ್ಲಿ, ಅದರಲ್ಲೂ ದೇಹ ತನ್ನನ್ನೇ ಶತ್ರುವೆಂದು ಕಾಣುವ ಗುಣ ಒಳಗೇ ಇದ್ದವರಲ್ಲಿ, ಈ ಬಳ್ಳಿ ಅದನ್ನು ಕೆದಕುತ್ತದೆ ಎಂಬುದು ಅವರ ನಿಲುವು. ಅಜ್ಜಿ ವರ್ಷಕ್ಕೊಮ್ಮೆ ಜ್ವರ ಬಂದಾಗ ಕೊಟ್ಟದ್ದು ಒಂದು ಲೋಟ. ತಿಂಗಳುಗಟ್ಟಲೆ ದಿನಾ ಕುಡಿಯುವುದು ಅಜ್ಜಿಯ ಪದ್ಧತಿಯಾಗಿರಲಿಲ್ಲ.

ಹಾಗಾದರೆ ಇಂಗ್ಲಿಷ್ ಔಷಧಿಯೇ ಮೇಲೋ? ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಹರ್ಷದ್ ದೇವರಭಾವಿ 1997ರಿಂದ 2008ರವರೆಗೆ ಔಷಧಿಯಿಂದಲೇ ಲಿವರ್ ಕೆಟ್ಟ 313 ಮಂದಿಯ ಲೆಕ್ಕ ಇಟ್ಟರು. ಅರ್ಧಕ್ಕಿಂತ ಹೆಚ್ಚು ಜನಕ್ಕೆ ಕಾರಣವಾಗಿದ್ದು ಕ್ಷಯದ ಮಾತ್ರೆಗಳು. ಆರರಲ್ಲೊಬ್ಬರು ಉಳಿಯಲಿಲ್ಲ. ಮುಂದೆ ದೇಶದ ಹಲವು ಕೇಂದ್ರಗಳ 1288 ಮಂದಿಯ ಲೆಕ್ಕದಲ್ಲಿಯೂ ಕ್ಷಯದ ಮಾತ್ರೆಯೇ ಮೊದಲು, ಗಿಡಮೂಲಿಕೆ ಮತ್ತಿತರ ಬದಲಿ ಮದ್ದುಗಳ ಪಾಲು ಏಳರಲ್ಲೊಂದು. ಈ ಅಂಕಿ ಓದಿ ಕ್ಷಯದ ಮಾತ್ರೆ ಬಿಡುವವರು ಕ್ಷಯಕ್ಕೇ ಬಲಿಯಾಗುತ್ತಾರೆ. ಮಾಡಬೇಕಾದದ್ದು ಬೇರೆ: ಊಟ ಸೇರದಾದರೆ, ವಾಂತಿ ಬಂದರೆ, ಮೂತ್ರ ಚಹದ ಬಣ್ಣಕ್ಕೆ ತಿರುಗಿದರೆ ಕಣ್ಣು ಹಳದಿಯಾಗುವವರೆಗೆ ಕಾಯದೆ ಅದೇ ದಿನ ಮಾತ್ರೆ ಕೊಟ್ಟವರ ಹತ್ತಿರ ಹೋಗುವುದು. ಸಕಾಲಕ್ಕೆ ನಿಲ್ಲಿಸಿ, ಲಿವರ್ ಸುಧಾರಿಸಿದ ಮೇಲೆ ಒಂದೊಂದಾಗಿ ಮತ್ತೆ ಶುರುಮಾಡುವ ಕ್ರಮ ವೈದ್ಯರಿಗೆ ಗೊತ್ತಿದೆ.

ಊಟ ಸೇರದ, ಮೈ ಒಣಗಿ ಮುಖ ಕಪ್ಪಾದ, ಹೊಟ್ಟೆ ಮಾತ್ರ ಮುಂದೆ ಬಂದ ಮನುಷ್ಯನನ್ನು ಕಂಡಾಗ ನಮ್ಮಲ್ಲಿ ಪಿಸುಗುಟ್ಟುವ ಮಾತು, “ಯಾರೋ ಕೈಮದ್ದು ಹಾಕಿದಾರೆ.” ಊಟದಲ್ಲಿ ಗುಟ್ಟಾಗಿ ಹಾಕಿದ್ದೆಂದು ನಂಬಿದ ಆ ಮದ್ದು ತೆಗೆಯುವವರ ಹತ್ತಿರ ಹೋಗಿ ವಾಂತಿ ಮಾಡಿಸಿಕೊಂಡು ಬರುತ್ತಾರೆ, ಹೊಟ್ಟೆಯಿಂದ ಏನೋ ಗಂಟು ಬಿದ್ದದ್ದನ್ನೂ ತೋರಿಸುತ್ತಾರೆ. ವರ್ಷಗಳ ಹಿಂದೆ ತಿಂದದ್ದು ಹೊಟ್ಟೆಯಲ್ಲಿ ಹಾಗೇ ಕೂತಿರಲು ಜಾಗವೇ ಇಲ್ಲ, ದಿನದೊಳಗೆ ಹೊಟ್ಟೆ ಖಾಲಿಯಾಗುತ್ತದೆ. ಆ ಗುರುತುಗಳು ಲಿವರ್ ಗಟ್ಟಿಯಾಗುವ ಸಿರೋಸಿಸ್ಸಿನವು, ಕ್ಷಯದವು, ಗಡ್ಡೆಯವು. ಈ ನಂಬಿಕೆ ರೋಗಿಯ ತಿಂಗಳುಗಳನ್ನು ನುಂಗುತ್ತದೆ, ಜೊತೆಗೆ ಒಬ್ಬ ಸೊಸೆಯ ಅಥವಾ ಪಕ್ಕದ ಮನೆಯವಳ ಮೇಲೆ ಕಳಂಕ ಹೊರಿಸುತ್ತದೆ. ನನಗೆ ಈ ಎರಡನೆಯದನ್ನು ಕ್ಷಮಿಸಲು ಆಗುವುದಿಲ್ಲ.

ಮೈಲುತುತ್ತಕ್ಕೆ ಬರೋಣ. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಈ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣವನ್ನು ಮಲೆನಾಡಿಗೆ ತಂದರು. ತೋಟಗಳು ಉಳಿದದ್ದು ಅದರಿಂದ. “ಇದು ವಿಷ ಅಲ್ಲ, ಸುಣ್ಣ ಹಾಕಿದ್ದೇವಲ್ಲ” ಎಂದು ಅರ್ಧ ತೋಳಿನ ಅಂಗಿಯಲ್ಲೇ ಮರ ಏರುವ ಕೊನೆಗೌಡರನ್ನು ಕಾಣುತ್ತೇವೆ. ಪೋರ್ಚುಗಲ್ಲಿನ ದ್ರಾಕ್ಷಿತೋಟಗಳಲ್ಲಿ ಇದೇ ದ್ರಾವಣವನ್ನು ವರ್ಷಗಟ್ಟಲೆ ಹೊಡೆದವರ ಶ್ವಾಸಕೋಶದಲ್ಲಿ ತಾಮ್ರ ತುಂಬಿದ ಗಂಟುಗಳನ್ನು ವೈದ್ಯರು 1969ರಲ್ಲಿ ಕಂಡರು, ಆಮೇಲೆ ಲಿವರ್‌ನಲ್ಲೂ ಕಂಡರು. ತಲೆಯ ಮೇಲೆ ಹನಿಯುವ ಮಂಜನ್ನು ಉಸಿರಿಗೆಳೆದುಕೊಳ್ಳುವವರಿಗೆ ಮುಖಗವಸು ಬೇಕೇಬೇಕು. ಕೀಟನಾಶಕ, ಕಳೆನಾಶಕಗಳ ವಿಷಯದಲ್ಲಂತೂ “ಬಾಯಿಗೆ ಹೋಗಿಲ್ವಲ್ಲ” ಎಂಬುದು ಸಮಾಧಾನವೇ ಅಲ್ಲ. ಹಲವು ಕೀಟನಾಶಕಗಳು ಚರ್ಮದಿಂದ ನೇರ ರಕ್ತಕ್ಕೆ ಇಳಿಯುತ್ತವೆ, ಲಿವರ್‌ನ ಮೊದಲ ತಪಾಸಣೆಯೂ ತಪ್ಪಿಹೋಗುತ್ತದೆ.

ತಾಮ್ರದ ಚೊಂಬಿನ ನೀರಿಗೆ ಹೆದರಬೇಕಾಗಿಲ್ಲ. ಆದರೆ ಕಲಾಯಿ ಇಲ್ಲದ ತಾಮ್ರ-ಹಿತ್ತಾಳೆಯಲ್ಲಿ ಹಾಲು ಕಾಯಿಸಿ ಹಸುಗೂಸಿಗೆ ಕೊಡುತ್ತಿದ್ದ ಕಾಲದಲ್ಲಿ ಮಕ್ಕಳ ಲಿವರ್ ಗಟ್ಟಿಯಾಗಿ ಸಾಯುವ ಕಾಯಿಲೆ ದೇಶದ ಹಲವೆಡೆ ಇತ್ತು. 1980ರ ದಶಕದಲ್ಲಿ ಪುಣೆಯ ವೈದ್ಯರು ಪಾತ್ರೆ ಬದಲಿಸಲು ಹೇಳಿದ ಮೇಲೆ ಆ ಕಾಯಿಲೆ ಹೆಚ್ಚುಕಡಿಮೆ ಕಾಣೆಯಾಯಿತು. ಹಾಲು, ಮಜ್ಜಿಗೆ, ಹುಳಿಗೆ ಆ ಪಾತ್ರೆ ಬೇಡ.

ಕುಡಿತದ ಬಗ್ಗೆ ಎಲ್ಲರಿಗೂ ಗೊತ್ತು, ಒಂದೇ ಮಾತು ಸೇರಿಸುತ್ತೇನೆ. “ನೋವೇ ಇಲ್ಲ, ಲಿವರ್ ಸರಿ ಇದೆ” ಎನ್ನುವುದು ಸುಳ್ಳು ಧೈರ್ಯ. ಲಿವರ್‌ನ ಒಳಗೆ ನೋವು ತಿಳಿಸುವ ನರಗಳಿಲ್ಲ, ಹೊರಪೊರೆಗೆ ಮಾತ್ರ ಇವೆ.

ಕಡೆಯದಾಗಿ, ಮಗು ಇಲಿಪಾಷಾಣ ಬಾಯಿಗಿಟ್ಟಾಗ ಅಥವಾ ಯಾರೋ ಕತ್ತಲಲ್ಲಿ ತಪ್ಪು ಬಾಟಲಿ ಎತ್ತಿದಾಗ ಉಪ್ಪುನೀರು, ಸೋಪಿನ ನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸುವ ರೂಢಿ. ವಾಂತಿಯ ವಿಷ ಶ್ವಾಸಕೋಶಕ್ಕೆ ಇಳಿಯಬಹುದು, ಏನನ್ನೂ ಕುಡಿಸಬಾರದು. “ಸಂಜೆ ಆಟ ಆಡ್ತಿದ್ದ, ಹುಷಾರಾದ” ಎಂದು ಸುಮ್ಮನಾಗುವುದು ಇನ್ನೂ ದೊಡ್ಡ ತಪ್ಪು. ಹಳದಿ ರಂಜಕದ ಇಲಿಪಾಷಾಣ, ಅತಿಯಾದ ಪ್ಯಾರಸಿಟಮಾಲ್ ಎರಡರಲ್ಲೂ ಮೊದಲ ಒಂದೆರಡು ದಿನ ಮನುಷ್ಯ ನೆಟ್ಟಗೇ ಕಾಣುತ್ತಾನೆ. ಆ ಹೊತ್ತಿನಲ್ಲಿ ಒಳಗೆ ಲಿವರ್ ಸಾಯುತ್ತಿರುತ್ತದೆ. ಪ್ಯಾರಸಿಟಮಾಲ್‌ಗೆ ಪ್ರತಿವಿಷವಿದೆ, ಎಂಟು ಗಂಟೆಯೊಳಗೆ ಕೊಟ್ಟರೆ ಬಹುತೇಕ ಪೂರ್ತಿ ಕಾಯುತ್ತದೆ. ಸಿಗಂದೂರು, ತುಮರಿ ಕಡೆಯವರಿಗೆ ಈ ಎಂಟು ಗಂಟೆ ದುಬಾರಿಯಾಗಿತ್ತು. ಸಂಜೆ ಲಾಂಚ್ ನಿಂತರೆ ಶರಾವತಿಯ ಹಿನ್ನೀರು ದಾಟುವುದು ಬೆಳಗಿಗೇ, ಇಲ್ಲವೇ ಕಾಡುದಾರಿಯ ಸುತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆಯಿತು. ಈಗ ರಾತ್ರಿಯೂ 108 ಆಂಬುಲೆನ್ಸ್ ದಾಟುತ್ತದೆ. ಹತ್ತುವಾಗ ಆ ಬಾಟಲಿಯನ್ನು, ಮಾತ್ರೆಯ ಖಾಲಿ ಹಾಳೆಯನ್ನು, ಸೊಪ್ಪಾದರೆ ಒಂದು ಎಳೆ ಸೊಪ್ಪನ್ನು ಚೀಲಕ್ಕೆ ಹಾಕಿಕೊಳ್ಳಿ. ಆಸ್ಪತ್ರೆಯಲ್ಲಿ “ಎಂತ ತಗೊಂಡಿದ್ದು?” ಎಂದು ಕೇಳಿದಾಗ “ಔಷಧಿ” ಎಂದಷ್ಟೇ ಹೇಳಿದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ.