ಹಗರಿ ಮರಳಲ್ಲಿ ನಿಂತ ಕಾರು

ಮೊನ್ನೆ ರಾತ್ರಿ ಒಂಬತ್ತರ ಸುದ್ದಿ ಮುಗಿಸಿ ಫೋನ್ ತೆಗೆದರೆ ಒಂದು ಮೆಸೇಜ್ ಬಂದಿತ್ತು. ನಮ್ಮ ಬಳ್ಳಾರಿ ಕಡೆಯ ಹುಡುಗ, ಇಂಜಿನಿಯರಿಂಗ್ ಕೊನೇ ವರ್ಷ. "ಸರ್, ನಾವು ನಾಲ್ಕು ಮಂದಿ ಸೇರಿ ರೇಡಿಯೋ ಕಂಟ್ರೋಲ್ ಕಾರಿನ ಪ್ರಾಜೆಕ್ಟ್ ತಗೊಂಡೀವಿ. ಅಂಗಡ್ಯಾಗ ರೆಡಿಮೇಡ್ ಸಿಗ್ತತಿ, ರಿಪೋರ್ಟೂ ಅವರೇ ಕೊಡ್ತಾರ. ತಗೊಂಡ್ರ ತಪ್ಪಾ?"

ತಪ್ಪಾ ಅಂತ ಕೇಳಿದನಲ್ಲ, ಅದೇ ಸಮಾಧಾನ. ಕೇಳದೇನೇ ತಗೊಳ್ಳೋರು ಎಷ್ಟು ಜನ ಇಲ್ಲ ಹೇಳಿ? ಆ ಹುಡುಗನಿಗೆ ಎರಡು ಸಾಲಿನ ಉತ್ತರ ಕೊಡೋಕೆ ನನ್ನಿಂದ ಆಗಲಿಲ್ಲ. ಯಾಕಂದ್ರೆ ನಾನೂ ಇದೇ ಕಾರು ಮಾಡಿದವನು. ಅದು ನಿಂತುಹೋಗಿದ್ದು ಮೋಕದಲ್ಲಿ, ಹಗರಿ ಹೊಳೆಯ ಮರಳಲ್ಲಿ.

ಮೊದಲು ವಿಷಯ ತಿಳ್ಕೊಳ್ಳೋಣ. ರೇಡಿಯೋ ಕಂಟ್ರೋಲ್ ಅನ್ನೋದು ಹೊಸ ಆಟಿಕೆಯಲ್ಲ. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನೀರಿನ ತೊಟ್ಟಿಯೊಳಗೆ ಒಂದು ಪುಟ್ಟ ದೋಣಿ ಬಿಟ್ಟು, ತಂತಿಯೇ ಇಲ್ಲದೆ ಅದನ್ನು ಓಡಿಸಿ ತೋರಿಸಿದ. ಇವತ್ತಿನ ಕಾರಿನಲ್ಲೂ ಮೂಲ ವಿಚಾರ ಅದೇ. ಕೈಯಲ್ಲಿರೋ ರಿಮೋಟ್ ಆಜ್ಞೆ ಕಳಿಸುತ್ತೆ, ಕಾರಿನೊಳಗಿನ ರಿಸೀವರ್ ಕೇಳಿಸಿಕೊಳ್ಳುತ್ತೆ, ಮೋಟಾರು ಮತ್ತು ಸ್ಟೀರಿಂಗ್ ಪಾಲಿಸುತ್ತವೆ.

ಆಜ್ಞೆ ಹೇಗಿರುತ್ತೆ ಗೊತ್ತಾ? ಸ್ಟೀರಿಂಗ್ ತಿರುಗಿಸೋ ಪುಟ್ಟ ಯಂತ್ರಕ್ಕೆ ಸರ್ವೋ ಅಂತ ಹೆಸರು. ಅದಕ್ಕೆ ಸೆಕೆಂಡಿಗೆ ಸುಮಾರು 50 ಸಲ ವಿದ್ಯುತ್ತಿನ ಒಂದು ಸಣ್ಣ ಮಿಡಿತ ಬರುತ್ತೆ. ಮಿಡಿತ 1.5 ಮಿಲಿಸೆಕೆಂಡ್ ಇದ್ದರೆ ಚಕ್ರ ನೇರ. 1 ಮಿಲಿಸೆಕೆಂಡಿಗೆ ಇಳಿದರೆ ಒಂದು ಕಡೆ, 2ಕ್ಕೆ ಏರಿದರೆ ಇನ್ನೊಂದು ಕಡೆ. ಅಂದ್ರೆ ಇಡೀ ಕಾರಿನ ದಿಕ್ಕು ನಿಂತಿರೋದು ಅರ್ಧ ಮಿಲಿಸೆಕೆಂಡಿನ ಮೇಲೆ. ನಡುವೆ ಯಾವುದೋ ಗದ್ದಲ ನುಗ್ಗಿ ಮಿಡಿತ ಕೆಟ್ಟರೆ ಕಾರಿಗೆ ಅಮಲೇರಿದ ಹಾಗೆ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನು ತಿರುವು. ಕಣದಲ್ಲಿ ಮೇಟಿಗೆ ಕಟ್ಟಿ ಎತ್ತು ತುಳಿಸೋದನ್ನ ನೋಡಿದ್ದೀರಲ್ಲ? ಮೇಟಿ ಪಕ್ಕದ ಎತ್ತು ನಿಂತಲ್ಲೇ ಸುತ್ತುತ್ತೆ, ಹೊರಗಿನ ಎತ್ತು ಓಡಬೇಕಾಗುತ್ತೆ. ಕಾರಿನ ಚಕ್ರಗಳೂ ಹಂಗೇ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಹೋಗಬೇಕು, ಅದಕ್ಕೇ ಹಿಂದುಗಡೆ ಡಿಫರೆನ್ಷಿಯಲ್. ಮುಂದುಗಡೆ ಒಳಚಕ್ರ ಹೊರಚಕ್ರಕ್ಕಿಂತ ಹೆಚ್ಚು ಮುರಿದುಕೊಳ್ಳಬೇಕು, ಅದಕ್ಕೆ ಆಕರ್‌ಮನ್ ಸ್ಟೀರಿಂಗ್. ಇದನ್ನು ಕಂಡುಹಿಡಿದವನು ಜರ್ಮನಿಯ ಬಂಡಿ ತಯಾರಕ ಗಿಯೋರ್ಗ್ ಲಾಂಕೆನ್‌ಸ್ಪರ್ಗರ್. ಅವನ ಪರವಾಗಿ 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಮಾಡಿಸಿದವನು ರುಡಾಲ್ಫ್ ಆಕರ್‌ಮನ್. ಮಾಡಿದವನನ್ನ ಜಗತ್ತು ಮರೀತು, ಕಾಗದದಲ್ಲಿ ಹೆಸರಿದ್ದವನು ಉಳಿದ. ಇದನ್ನೂ ನೆನಪಿಟ್ಕೊಳ್ಳಿ.

ಈಗ ನಮ್ಮ ಕಥೆ. ನಾವು ನಾಲ್ವರು. ಒಬ್ಬ ಚಾಸಿ, ಒಬ್ಬ ಗೇರು, ಒಬ್ಬ ಸ್ಟೀರಿಂಗ್. ನನ್ನ ಪಾಲಿಗೆ ಎಲೆಕ್ಟ್ರಾನಿಕ್ಸ್. ಆಗ ಮನೆಮನೆಗೆ ತ್ರೀಡಿ ಪ್ರಿಂಟರ್ ಇರಲಿಲ್ಲ. ಅಲ್ಯೂಮಿನಿಯಂ ಪಟ್ಟಿ ಕತ್ತರಿಸಿದ್ದು ಕೌಲ್ ಬಜಾರಿನಲ್ಲಿ, ಕೊರೆದಿದ್ದು ಲಾರಿ ರಿಪೇರಿ ಮಾಡೋ ಶೆಡ್ಡಿನಲ್ಲಿ. ನಿಜ ಹೇಳಿಬಿಡ್ತೀನಿ, ರಿಮೋಟು ರಿಸೀವರು ಎರಡನ್ನೂ ನಾನು ಜೋಡಿಸಲಿಲ್ಲ. ಒಂದು ಅಂಗಡಿಯಿಂದ ಸಿದ್ಧ ಬೋರ್ಡ್ ತಂದು ಕೂರಿಸಿದೆ. ಒಳಗೇನಿದೆ ಅಂತ ನೋಡಲೂ ಇಲ್ಲ.

ಲೆಕ್ಕ ಮಾತ್ರ ಜೋರಾಗಿತ್ತು. ಮೋಟಾರು ನಿಮಿಷಕ್ಕೆ 12,000 ಸುತ್ತು. ಗೇರು 10ಕ್ಕೆ 1, ಅಂದ್ರೆ ಚಕ್ರಕ್ಕೆ 1,200 ಸುತ್ತು. ಚಕ್ರದ ವ್ಯಾಸ 10 ಸೆಂಟಿಮೀಟರ್. ಗುಣಿಸಿದರೆ ಗಂಟೆಗೆ 22 ಕಿಲೋಮೀಟರಿಗೂ ಮೇಲೆ! ಹಾಸ್ಟೆಲ್ ವರಾಂಡಾದಲ್ಲಿ ಕಾರು ಬಾಣದ ಹಾಗೆ ಹೋಯಿತು. ನಾವು ಕುಣಿದಾಡಿದ್ದೇ ಕುಣಿದಾಡಿದ್ದು.

ಗೇರಿನ ಹುಡುಗನ ಊರು ಮೋಕ. "ಹೊಳ್ಯಾಗ ಓಡಿಸೋಣ ಬರ್ರಲೇ" ಅಂದ. ಬೇಸಿಗೆ, ಹಗರಿಯಲ್ಲಿ ನೀರಿಲ್ಲ, ಬರೀ ಮರಳು. ಕಾರು ಬಿಟ್ಟೆವು. ಇಪ್ಪತ್ತು ಅಡಿ ಹೋಗಿರಬೇಕು, ಮುಂದಿನ ಚಕ್ರ ಚಳಿಜ್ವರ ಬಂದವರ ಹಾಗೆ ನಡುಗೋಕೆ ಶುರುವಾಯ್ತು. ಎಡಕ್ಕೆ ಅಂದ್ರೆ ಬಲಕ್ಕೆ. ಆಮೇಲೆ ಮರಳಲ್ಲಿ ಹೂತು ನಿಂತೇಹೋಯ್ತು. ಪರೀಕ್ಷೆಗೆ ಉಳಿದಿದ್ದು ಒಂಬತ್ತು ದಿನ. ಅಂಗಡಿಗೆ ಫೋನ್ ಮಾಡಿದರೆ, "ನಮ್ಮ ಬೋರ್ಡ್ ಸರಿಯಿದೆ, ನಿಮ್ಮ ಕಾರು ಸರಿಯಿಲ್ಲ" ಅಂದರು.

ಗೆಳೆಯನ ತಂದೆ ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಮಾಡೋರು. ಓದಿದ್ದು ಏಳನೇ ಕ್ಲಾಸು. ನಮ್ಮ ಮುಖ ನೋಡಿ, ಮಾತಾಡದೆ ಒಳಗೆ ಹೋಗಿ ಹಳೇ ಟ್ರಾನ್ಸಿಸ್ಟರ್ ತಂದರು. ಧಾರವಾಡ ಆಕಾಶವಾಣಿ ಹಚ್ಚಿ ಕಾರಿನ ಪಕ್ಕ ಇಟ್ಟರು. "ಈಗ ಓಡಿಸು." ಮೋಟಾರು ತಿರುಗಿದ್ದೇ ತಡ, ರೇಡಿಯೋ ಪೂರಾ ಕರಕರ ಅಂತು. ನಿಲ್ಲಿಸಿದೆ, ಹಾಡು ಬಂತು. "ನಿಮ್ಮ ಮೋಟಾರೇ ಒದರ್ತತಿ. ಅದು ಒದರಿದ್ರ ಇದಕ್ಕ ನಿಮ್ಮ ಮಾತು ಹೆಂಗ್ ಕೇಳಬೇಕು?"

ಅಷ್ಟೇ ವಿಜ್ಞಾನ! ಆ ಮೋಟಾರಿನೊಳಗೆ ಕಾರ್ಬನ್ ಬ್ರಷ್ ಇರುತ್ತೆ. ತಿರುಗುವಾಗ ಕಿಡಿ ಹಾರುತ್ತೆ. ಪ್ರತಿ ಕಿಡಿಯೂ ಒಂದು ಸಣ್ಣ ರೇಡಿಯೋ ಸ್ಟೇಷನ್. ವರಾಂಡಾದ ನುಣುಪು ನೆಲದಲ್ಲಿ ಮೋಟಾರಿಗೆ ಭಾರವಿಲ್ಲ, ಕರೆಂಟು ಕಡಿಮೆ, ಕಿಡಿಯೂ ಕಡಿಮೆ. ಮರಳಲ್ಲಿ ಏದುಸಿರು ಬಿಟ್ಟಾಗ ಕಿಡಿ ಹೆಚ್ಚು. ನಮ್ಮದು 27 ಮೆಗಾಹರ್ಟ್ಸ್ ರಿಮೋಟು, ದೂರ ಹೋದಷ್ಟೂ ಅದರ ದನಿ ಕ್ಷೀಣ. ಪಕ್ಕದಲ್ಲೇ ಕೂತು ಕಿರುಚೋ ಮೋಟಾರೇ ಗೆಲ್ಲುತ್ತೆ. ನಾವು ಟಿವಿ ಚರ್ಚೆಯಲ್ಲಿ ಮಾಡೋದೂ ಇದನ್ನೇ ಬಿಡಿ!

ಮದ್ದು ಏನು? 0.1 ಮೈಕ್ರೋಫ್ಯಾರಡ್‌ನ ಮೂರು ಪುಟ್ಟ ಕೆಪಾಸಿಟರ್. ಮೋಟಾರಿನ ಎರಡು ಕಾಲುಗಳ ನಡುವೆ ಒಂದು, ಪ್ರತಿ ಕಾಲಿಂದ ಲೋಹದ ಮೈಗೆ ಒಂದೊಂದು. ಕಿಡಿಯ ಗದ್ದಲವನ್ನ ಅವು ಅಲ್ಲೇ ನುಂಗಿಬಿಡುತ್ತವೆ. ಆಂಟೆನಾ ತಂತಿಯನ್ನ ಮೋಟಾರಿಂದ ದೂರ ಸರಿಸಿದೆವು. ಗೇರನ್ನ 20ಕ್ಕೆ 1 ಮಾಡಿದೆವು. ಕಾಗದದ ಮೇಲೆ ವೇಗ ಅರ್ಧಕ್ಕಿಳಿಯಿತು, ಚಕ್ರದ ಎಳೆತ ಹೆಚ್ಚುಕಡಿಮೆ ಎರಡರಷ್ಟಾಯಿತು. ಆರನೇ ದಿನ ಸಂಜೆ ಅದೇ ಮರಳಲ್ಲಿ ಕಾರು ಓಡಿತು.

ಇವತ್ತಿನ ಹುಡುಗರಿಗೆ 2.4 ಗಿಗಾಹರ್ಟ್ಸ್ ರಿಮೋಟ್ ಇದೆ. ಚಾನೆಲ್ ಬದಲಿಸುತ್ತಾ ಗದ್ದಲ ತಪ್ಪಿಸುತ್ತೆ. ಬ್ರಷ್ಷೇ ಇಲ್ಲದ ಮೋಟಾರು ಬಂದಿದೆ. ಹಾಗಂತ ತೊಂದರೆ ಮುಗಿದಿಲ್ಲ, ವೇಷ ಬದಲಿಸಿದೆ. ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದು ಸೆಲ್ 4.2 ವೋಲ್ಟಿಗಿಂತ ಮೇಲೇರಿದರೆ ಬೆಂಕಿಯ ಭಯ, 3 ವೋಲ್ಟಿಗಿಂತ ಕೆಳಗಿಳಿದರೆ ಸೆಲ್ ಹಾಳು. ಅಂಗಡಿಯವನು ಕೊಟ್ಟ ರಿಪೋರ್ಟು ಆಗ ಬಂದು ಬೆಂಕಿ ಆರಿಸುತ್ತಾ?

ಇನ್ನೊಂದು ಮಾತು. ಇದೇ ಹಗರಿ ಮೇಲ್ಗಡೆ ಚಳ್ಳಕೆರೆ ಸೀಮೆಯಲ್ಲಿ ವೇದಾವತಿ ಅನ್ನೋ ಹೆಸರಲ್ಲಿ ಹರಿದು ಬರುತ್ತೆ. ಆ ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲೇ ಇಸ್ರೋದವರು ಚಂದ್ರನ ಕುಳಿಗಳ ಹಾಗೆ ಗುಂಡಿ ತೋಡಿಸಿ ಲ್ಯಾಂಡರ್ ಸೆನ್ಸರ್‌ಗಳನ್ನ ಪರೀಕ್ಷಿಸಿದ್ದು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯಿತು, 26 ಕಿಲೋ ತೂಕದ ಆರು ಚಕ್ರದ ಪ್ರಗ್ಯಾನ್ ಹೊರಬಂತು. ಸುಮಾರು 3.84 ಲಕ್ಷ ಕಿಲೋಮೀಟರ್ ದೂರದ ಗಾಡಿ. ಅವರೂ ಬೆಂಗಳೂರಿನ ವರಾಂಡಾ ನಂಬಲಿಲ್ಲ, ನೆಲ ಹುಡುಕಿಕೊಂಡು ಬಂದು ಮೊದಲು ಇಲ್ಲಿ ಪರೀಕ್ಷಿಸಿ ನೋಡಿದರು.

ಪರೀಕ್ಷಕರು ನನ್ನನ್ನ ಕೇಳಿದ್ದು ಒಂದೇ ಪ್ರಶ್ನೆ: "ಈ ಮೂರು ಕೆಪಾಸಿಟರ್ ಯಾಕೆ?" ಉತ್ತರಿಸಿದೆ. ಇಡೀ ಪ್ರಾಜೆಕ್ಟಿನಲ್ಲಿ ನನಗೆ ನಿಜವಾಗಿ ಗೊತ್ತಿದ್ದದ್ದು ಅದೊಂದೇ. ಕೊಂಡುತಂದ ಬೋರ್ಡಿನ ಬಗ್ಗೆ ಕೇಳಿದ್ದರೆ ಮುಗೀತಿತ್ತು.

ಆದರೆ ನನಗೆ ಈಗಲೂ ಚುಚ್ಚೋದು ಬೇರೆ. ನಮ್ಮ ವರದಿಯ ಮೊದಲ ಪುಟದಲ್ಲಿ ಕೃತಜ್ಞತೆ ಇದೆ. ಪ್ರಾಂಶುಪಾಲರು, ವಿಭಾಗದ ಮುಖ್ಯಸ್ಥರು, ಗೈಡು, ಟೈಪ್ ಮಾಡಿಕೊಟ್ಟವರು, ಎಲ್ಲರಿಗೂ ವಂದನೆ. ಮೋಕದ ಆ ರಿವೈಂಡಿಂಗ್ ಮೇಸ್ತ್ರಿಯ ಹೆಸರಿಲ್ಲ. ಬರೆಯೋದು ಬೇಡ ಅಂತ ಯಾರೂ ಅನ್ನಲಿಲ್ಲ, ಬರೀಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಅವರ ಮಗನಿಗೂ ಸಹ. ಲಾಂಕೆನ್‌ಸ್ಪರ್ಗರ್ ಕಥೆಯನ್ನ ನಾವು ಬಳ್ಳಾರಿಯಲ್ಲಿ ಮತ್ತೊಮ್ಮೆ ಬರೆದಿದ್ದೆವು.

ಹುಡುಗನಿಗೆ ಉತ್ತರ ಬರೆದೆ. "ತಮ್ಮಾ, ಬೋರ್ಡು ಬೇಕಾದ್ರೆ ತಗೋ, ಬಿಚ್ಚಿ ನೋಡು. ರಿಪೋರ್ಟು ಮಾತ್ರ ತಗೋಬೇಡ. ದುಡ್ಡಿನ ತೊಂದರೆ ಇದ್ದರೆ ನಮ್ಮ ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ದಶಕಗಳಿಂದ ನೆರವು ಕೊಡ್ತಾ ಬಂದಿದೆ, ಕಾಲೇಜಿನಲ್ಲಿ ವಿಚಾರಿಸು. ಪರೀಕ್ಷೆಗೆ ತಿಂಗಳಿರುವಾಗಲೇ ಕಾರನ್ನ ಮರಳಿಗೆ ಬಿಡು, ನಿಲ್ಲಲಿ. ಯಾರು ಎಬ್ಬಿಸಿಕೊಡ್ತಾರೋ ಅವರ ಹೆಸರನ್ನ ಮೊದಲ ಪುಟದಲ್ಲಿ ಬರಿ."

ಅರ್ಧ ಗಂಟೆ ಬಿಟ್ಟು ಉತ್ತರ ಬಂತು. "ಆಯ್ತು ಸರ್. ನಮ್ಮ ಮಾಮ ಬೈಕ್ ಮೆಕ್ಯಾನಿಕ್ ಅದಾನ, ಅವನನ್ನ ಕೇಳ್ತೀನಿ."